ಅರವತ್ತಕ್ಕೆ ಅರಳು ಮರಳು

2024ರ ಮೊದಲ ಮೂರು ತಿಂಗಳು ಬೆಂಗಳೂರನ್ನು ಆಳಿದ್ದು ಅರವತ್ತು ಎಂಬ ಅಂಕಿ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಎಂದಿತು ಪಾಲಿಕೆ, ಗಡುವು ಫೆಬ್ರವರಿ 28. ಅದರ ಬೆನ್ನಿಗೇ ಜಲಮಂಡಳಿ ಬಂತು: ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಜಾಲರಿ ಮೂತಿ) ಹಾಕಿ, ಶೇ 60ರಿಂದ 85ರಷ್ಟು ನೀರು ಉಳಿಯುತ್ತದೆ. ಅದಕ್ಕೆ ಗಡುವು ಮಾರ್ಚ್ 31. ಗಡುವುಗಳೇನೋ ಸಂಪ್ರದಾಯದಂತೆ ಮುಂದಕ್ಕೆ ಹೋದವು ಬಿಡಿ.

2022ರ ಕಾಯ್ದೆ ಬೋರ್ಡಿನ ಮೇಲರ್ಧ ಕನ್ನಡಕ್ಕೆ ಎಂದಿತ್ತು. ತಿದ್ದುಪಡಿ ಬಂದು ಅರ್ಧ ಹೋಗಿ ಶೇ 60 ಆಯಿತು. ಹೆಚ್ಚಿಗೆ ಸಿಕ್ಕ ಆ ಶೇ 10 ಒತ್ತಕ್ಷರಗಳಿಗೆ ಮಂಜೂರಾದ ನೆಲಮಾಳಿಗೆ ಇರಬೇಕು. 'ಸ್ತ್ರೀ' ಎಂದು ಬರೆದರೆ ಒಂದೇ ಅಕ್ಷರ ಎರಡು ಮಹಡಿ ಕೆಳಗಿಳಿಯುತ್ತದಲ್ಲ, ಟೇಪು ಹಿಡಿದು ಬಂದವರು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಅಕ್ರಿಲಿಕ್ ಅಕ್ಷರಕ್ಕೆ ಇಂಚಿನ ಲೆಕ್ಕದಲ್ಲಿ ದುಡ್ಡು. ಅಂಗಡಿಯವರ ಕಣ್ಣು ಮೊದಲು ಬೀಳುವುದು ಒತ್ತಿನ ಮೇಲೇ.

ಆತುರದಲ್ಲಿದ್ದವರಿಗೆ ಫ್ಲೆಕ್ಸ್ ಇತ್ತು. ನಗರದಲ್ಲಿ ಅದು ನಿಷಿದ್ಧ ಎಂಬುದು ಬೇರೆ ಫೈಲಿನ ವಿಷಯ. ಇನ್ನು ಡಿಸೈನ್ ಮಾಡುವ ಹಳೆಯ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. 'ನುಡಿ' ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸದೆ ಅಂಟಿಸಿದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಮುನಿಸಿಕೊಂಡು ಕೂರುತ್ತದೆ. ಹಾಗೆ 'ದಿ ಫ್ರೆಶ್ ಕೇಕ್ ಶಾಪ್' ಎಂದು ತೂಗುಹಾಕಿದರೆ ಕನ್ನಡ ಉದ್ಧಾರವಾಯಿತು. ಲಿಪಿ ಅರವತ್ತು, ನುಡಿ ಸೊನ್ನೆ. 'ಅಂಗಡಿ' ಎಂಬ ಪದವನ್ನೇ ಅಂಗಡಿಯಿಂದ ಹೊರಗಿಟ್ಟ ಅಭಿಮಾನ ಇದು.

ಏರೇಟರ್ ಮಾತ್ರ ನಿಜಕ್ಕೂ ಒಳ್ಳೆಯ ಸಾಮಾನು. ಹಿತ್ತಾಳೆಯ ಕವಚ, ಒಳಗೆ ಜಾಲರಿ ಇರುವ ಪ್ಲಾಸ್ಟಿಕ್ ತುಂಡು, ಒಂದು ರಬ್ಬರ್ ವಾಷರ್, ಅಷ್ಟೇ. ಸಣ್ಣ ತೂತುಗಳಲ್ಲಿ ನುಗ್ಗುವ ನೀರು ಗಾಳಿಯನ್ನೂ ಎಳೆದುಕೊಂಡು ನೊರೆನೊರೆಯಾಗಿ ಬೀಳುತ್ತದೆ. ಕೈ ತೊಳೆಯುವ ಬೇಸಿನ್ನಿಗೆ ಹೇಳಿ ಮಾಡಿಸಿದಂತಿದೆ. ಅದೇ ನಲ್ಲಿಯ ಕೆಳಗೆ ಬಕೆಟ್ ಇಡಿ, ಲೆಕ್ಕ ತಪ್ಪುತ್ತದೆ. 15 ಲೀಟರಿನ ಬಕೆಟ್ 15 ಲೀಟರನ್ನೇ ಕೇಳುತ್ತದೆ. ನಿಮಿಷಕ್ಕೆ 15 ಲೀಟರ್ ಬಿಡುತ್ತಿದ್ದ ನಲ್ಲಿಗೆ 3 ಲೀಟರಿನ ಏರೇಟರ್ ಹಾಕಿದರೆ ಒಂದು ನಿಮಿಷದ ಕೆಲಸಕ್ಕೆ ಐದು ನಿಮಿಷ. ಉಳಿದದ್ದು ನೀರಲ್ಲ, ಕಾದದ್ದು ಮಾತ್ರ ಲಾಭ.

ಏರೇಟರಿಗೆ ನೀರಿನ ಒತ್ತಡವೂ ಬೇಕು. ಒಂದು ಬಾರ್ ಒತ್ತಡಕ್ಕೆ ಟ್ಯಾಂಕು ನಲ್ಲಿಗಿಂತ ಸುಮಾರು 10 ಮೀಟರ್ ಮೇಲಿರಬೇಕು. ಮೇಲ್ಮಹಡಿಯ ಬಚ್ಚಲಿಗೂ ತಾರಸಿಯ ಟ್ಯಾಂಕಿಗೂ ಇರುವ ಅಂತರ ಮೂರು ಮೀಟರ್. ಅಲ್ಲಿ ಗಾಳಿ ಸೇರುವುದಿಲ್ಲ, ನೀರು ಮೂಗು ಸೋರಿದಂತೆ ಸೋರುತ್ತದೆ. ಹಳೆಯ ಅರ್ಧ ಇಂಚಿನ ಹಿತ್ತಾಳೆ ನಲ್ಲಿಯ ಬಾಯಲ್ಲಿ ಅದನ್ನು ತಿರುಗಿಸಿ ಕೂರಿಸಲು ಥ್ರೆಡ್ಡೇ ಇರುವುದಿಲ್ಲ. ಹಾಗಾಗಿ ಏರೇಟರಿನ 22, 24 ಮಿ.ಮೀ. ಎಂಬ ಅಳತೆಗಳನ್ನು ಅದಕ್ಕೆ ಹೇಳಿ ಪ್ರಯೋಜನವಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರಂತೂ ಜಾಲರಿಗೆ ಬೇಗ ಸುಣ್ಣ ಕಟ್ಟುತ್ತದೆ. ಬಿಚ್ಚಿ, ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಬೇಕು. ಇದನ್ನು ಯಾವ ಆದೇಶವೂ ಹೇಳಲಿಲ್ಲ. ಗಡುವು ಇದ್ದುದು ಏರೇಟರ್ ಹಾಕಲು, ತೊಳೆಯಲು ಅಲ್ಲ.

ಆ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಕಾವೇರಿ ನೂರು ಕಿಲೋಮೀಟರ್ ದೂರದಿಂದ ಪಂಪಿನ ಮೇಲೆ ಪಂಪು ಹತ್ತಿ ಬರುತ್ತಾಳೆ. ಬಂದದ್ದರಲ್ಲಿ ಕಾಲು ಪಾಲಿಗೂ ಹೆಚ್ಚು ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಮಂಡಳಿಯೇ ಒಪ್ಪುತ್ತದೆ. ಒಡೆದ ಪೈಪು, ಕಳ್ಳ ಸಂಪರ್ಕ, ಓಡದ ಮೀಟರು. ಕಾರು ತೊಳೆದವನಿಗೆ ₹5,000 ದಂಡ ಹಾಕಿದಿರಿ, ಸರಿ. ರಸ್ತೆಯಡಿ ಸೋರುವುದಕ್ಕೆ ಯಾರಿಗೆ ಹಾಕುತ್ತೀರಿ? ಕೆರೆ ಮುಚ್ಚಿ ಬಡಾವಣೆ ಮಾಡಿದ್ದಕ್ಕೆ? ಅಲ್ಲಿಗೆ ಟೇಪು ಹಿಡಿದು ಯಾರೂ ಹೋಗುವುದಿಲ್ಲ. ಅಂಗಡಿಯ ಹಣೆ, ನಲ್ಲಿಯ ಬಾಯಿ, ಇವೆರಡು ಮಾತ್ರ ಕೈಗೆಟುಕುತ್ತವೆ.

ತಪಾಸಣೆ ಮುಗಿದ ಮೇಲೆ ಫ್ಲೆಕ್ಸ್ ಸುರುಳಿ ಸುತ್ತಿಕೊಂಡು ಗೋಡೌನಿಗೆ ಹೋಗುತ್ತದೆ. ಏರೇಟರ್ ಅಡುಗೆಮನೆಯ ಡ್ರಾಯರಿಗೆ, ಸ್ಪ್ಯಾನರಿನ ಪಕ್ಕಕ್ಕೆ. ವಾಷರ್ ಅಲ್ಲೇ ಒಣಗಿ ಬಿರುಕು ಬಿಡುತ್ತದೆ.