ಮಕ್ಕಳ ಅಮೆರಿಕನ್ ಪಾಸ್‌ಪೋರ್ಟೂ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕೋರ್ಟೂ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪೌರತ್ವದ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಬರುತ್ತದೆ. "ನಾವು ವೀಸಾ ತೆಗೆದುಕೊಂಡು ಬಂದವರು, ಟ್ಯಾಕ್ಸ್ ಕಟ್ಟುವವರು. ಗಡಿ ಹಾರಿ ಬಂದವರ ಗಲಾಟೆ ನಮಗ್ಯಾಕೆ?" ಹೀಗೆ ಹೇಳುವವರು ಕೆಟ್ಟವರೇನಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲು ಊಟದ ಡಬ್ಬಿ ಹಿಡಿದುಕೊಂಡು ಬರುವವರೂ ಅವರೇ. ಆದರೂ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಆದೇಶವನ್ನು ಪೂರ್ತಿ ಓದಿ ನೋಡಿ. ಅದರಲ್ಲಿದ್ದದ್ದು ಗಡಿ ಹಾರಿದವರ ಮಕ್ಕಳು ಮಾತ್ರ ಅಲ್ಲ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ, ಇಲ್ಲಿ ಹುಟ್ಟುವ ಮಗುವಿಗೂ ಪೌರತ್ವ ಇಲ್ಲ ಎಂದಿತ್ತು. ಅವನು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ, ಅವಳು ಅವನ ಹೆಂಡತಿಯಾಗಿ ಎಚ್-4ರಲ್ಲಿ. ನಮ್ಮ ಅರ್ಧ ಅಪಾರ್ಟ್‌ಮೆಂಟ್ ಇದೇ ಅಲ್ವಾ? ಮೂರೇ ದಿನದಲ್ಲಿ ಸಿಯಾಟಲ್‌ನ ಫೆಡರಲ್ (ಅಂದರೆ ಕೇಂದ್ರದ) ಜಿಲ್ಲಾ ನ್ಯಾಯಾಧೀಶರೊಬ್ಬರು ಅದಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ಆ ಆದೇಶವನ್ನು ವಿರೋಧಿಸಿದವರೆಲ್ಲ ಮೊದಲು ಕೈಗೆತ್ತಿಕೊಂಡದ್ದು 1898ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು. ಆ ಕೇಸು ಶುರುವಾದದ್ದು ನಮ್ಮ ಪಕ್ಕದಲ್ಲೇ, ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ. ಕ್ಯಾಲಿಫೋರ್ನಿಯಾ ಉತ್ತರ ಜಿಲ್ಲೆಯ ಕೋರ್ಟು ಅಂತ ಅದರ ಹೆಸರು.

ಊರಿನ ಲೆಕ್ಕ ಹಿಡಿದುಕೊಂಡು ಹೋದರೆ ಈ ಕೋರ್ಟು ಅರ್ಥವಾಗುವುದಿಲ್ಲ. ನಮ್ಮಲ್ಲಿ ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ರಾಜ್ಯದ ಕಾನೂನಿನ ಕೇಸೂ ನಡೆಯುತ್ತದೆ, ಪಾರ್ಲಿಮೆಂಟಿನ ಕಾನೂನಿನ ಕೇಸೂ ನಡೆಯುತ್ತದೆ. ಅಮೆರಿಕದಲ್ಲಿ ಎರಡಕ್ಕೂ ಬೇರೆ ಬೇರೆ ಕೋರ್ಟು. ವಿಚ್ಛೇದನ, ಬಾಡಿಗೆ ತಕರಾರು, ಸ್ಪೀಡಿಂಗ್ ಟಿಕೆಟ್, ಸಾಮಾನ್ಯವಾಗಿ ಕೊಲೆ ಕೇಸು ಕೂಡ ಕೌಂಟಿಯ ಸುಪೀರಿಯರ್ ಕೋರ್ಟಿಗೆ ಹೋಗುತ್ತವೆ. ಫೆಡರಲ್ ಕೋರ್ಟಿನ ಬಾಗಿಲು ಸಣ್ಣದು. ಸಂವಿಧಾನದ ಅಥವಾ ಕಾಂಗ್ರೆಸ್ (ಇಲ್ಲಿಯ ಪಾರ್ಲಿಮೆಂಟು) ಮಾಡಿದ ಕಾನೂನಿನ ಪ್ರಶ್ನೆ ಇರಬೇಕು. ಇಲ್ಲವೇ ಫೆಡರಲ್ ಸರ್ಕಾರವೇ ಕಕ್ಷಿಯಾಗಿರಬೇಕು. ಅದೂ ಅಲ್ಲದಿದ್ದರೆ ಬೇರೆ ಬೇರೆ ರಾಜ್ಯದವರ ನಡುವೆ 75,000 ಡಾಲರಿಗಿಂತ ಜಾಸ್ತಿ ಮೊತ್ತದ ಜಗಳ ಆಗಿರಬೇಕು. ದೇಶದಲ್ಲಿ ಇಂಥ 94 ಜಿಲ್ಲೆಗಳಿವೆ. ನಮ್ಮದರಲ್ಲಿ ಒರೆಗಾನ್ ಗಡಿಯ ಡೆಲ್ ನಾರ್ಟೆಯಿಂದ ಮಾಂಟೆರೆವರೆಗೆ 15 ಕೌಂಟಿ. ಕಲಾಪ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋ, ಓಕ್‌ಲ್ಯಾಂಡ್, ಸ್ಯಾನ್ ಹೋಸೆಗಳಲ್ಲಿ. ಜೊತೆಗೆ ಮೇಲೆ ಹಂಬೋಲ್ಟ್ ಕೌಂಟಿಯಲ್ಲಿ ಒಂದು ಸಣ್ಣ ಕೋರ್ಟು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜನ ಗೊಂದಲ ಮಾಡಿಕೊಳ್ಳುವ ಇಮಿಗ್ರೇಷನ್ ಕೋರ್ಟು ಇದಲ್ಲ. ಅದು ನ್ಯಾಯಾಂಗಕ್ಕೇ ಸೇರಿದ್ದಲ್ಲ, ಸರ್ಕಾರದ ನ್ಯಾಯ ಇಲಾಖೆಯ ಕೆಳಗೆ ಬರುತ್ತದೆ. ಅಲ್ಲಿನ ಜಡ್ಜ್‌ಗಳು ಇಲಾಖೆಯ ನೌಕರರು. ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು, ಆಮೇಲೆ ಜೀವನಪೂರ್ತಿ ಅವರನ್ನು ಯಾರೂ ಸುಮ್ನೆ ಎಬ್ಬಿಸುವ ಹಾಗಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯವಾದದ್ದು 1850ರ ಸೆಪ್ಟೆಂಬರ್ 9ರಂದು. ಅದೇ ತಿಂಗಳಲ್ಲಿ ಕಾಂಗ್ರೆಸ್ ಅದನ್ನು ಉತ್ತರ, ದಕ್ಷಿಣ ಅಂತ ಎರಡು ಜಿಲ್ಲೆ ಮಾಡಿತು. 1866ರಲ್ಲಿ ಎರಡೂ ಸೇರಿ ಒಂದಾದವು. 1886ರಲ್ಲಿ ಮತ್ತೆ ಎರಡು. 1966ರಲ್ಲಿ ನಾಲ್ಕು. ಅಲ್ಲಿಯವರೆಗೆ ಸ್ಯಾಕ್ರಮೆಂಟೋ ಕೂಡ ಉತ್ತರ ಜಿಲ್ಲೆಯಲ್ಲೇ ಇತ್ತು. ನಕ್ಷೆಯ ಕಥೆ ಇಷ್ಟೇ, ಅದರಲ್ಲಿ ರಸ ಇಲ್ಲ. ರಸ ಇರುವುದು ಮೊದಲ ಜಡ್ಜ್‌ನಲ್ಲಿ.

ಆಗ್ಡನ್ ಹಾಫ್‌ಮನ್ ನ್ಯೂಯಾರ್ಕಿನಿಂದ ಬಂದ ವಕೀಲ. 1851ರಲ್ಲಿ ನೇಮಕವಾದಾಗ ಮೂವತ್ತೂ ತುಂಬಿರಲಿಲ್ಲ. ಸಾಯುವವರೆಗೆ, ಅಂದರೆ 1891ರವರೆಗೆ, 40 ವರ್ಷ ಅದೇ ಕುರ್ಚಿ. ಮೊದಲ ದಶಕ ಪೂರ್ತಿ ಜಮೀನಿನ ಕೇಸುಗಳು. ಮೆಕ್ಸಿಕೋ ಕಾಲದಲ್ಲಿ ಸಿಕ್ಕಿದ ಜಮೀನು ಯಾರದು ಅಂತ 1851ರ ಕಾನೂನಿನ ಪ್ರಕಾರ ಸಾಬೀತು ಮಾಡಬೇಕಿತ್ತು. 813 ಅರ್ಜಿ ಬಂದವು. ಅವನ್ನು ಕೇಳಲೆಂದೇ ಮಾಡಿದ ಆಯೋಗದ ತೀರ್ಪು ಒಪ್ಪದವರು ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗಬೇಕಿತ್ತು. ಈಗ ನಮ್ಮವರು ಶನಿವಾರ ಬೆಳಿಗ್ಗೆ ವಾಕಿಂಗ್ ಹೋಗುವ ಆಲ್ಮಡೆನ್ ಕ್ವಿಕ್‌ಸಿಲ್ವರ್ ಪಾರ್ಕ್ ಇದೆಯಲ್ಲ, ಆ ಪಾದರಸದ ಗಣಿಯ ಒಡೆತನದ ಕೇಸನ್ನೂ ಹಾಫ್‌ಮನ್ ಕೇಳಿದ್ದ. ಕೇಸು ಮುಗಿಯುವ ಹೊತ್ತಿಗೆ ಗೆದ್ದವರೂ ವಕೀಲರ ಫೀಸಿಗೆ ಜಮೀನು ಮಾರಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಅದೊಂದು ವಿಷಯದಲ್ಲಿ ಊರಿಗೂ ಇಲ್ಲಿಗೂ ವ್ಯತ್ಯಾಸ ಇಲ್ಲ.

1882ರಲ್ಲಿ ಚೀನೀ ಕೂಲಿಗಳು ದೇಶಕ್ಕೆ ಬರದಂತೆ ಕಾಂಗ್ರೆಸ್ ಕಾನೂನು ತಂದಿತು. ಹಡಗಿನಲ್ಲಿ ಬಂದವರನ್ನು ಬಂದರಿನ ಕಸ್ಟಮ್ಸ್ ಅಧಿಕಾರಿಗಳು ಇಳಿಯಲು ಬಿಡುತ್ತಿರಲಿಲ್ಲ. ಚೀನೀಯರು ಸುಮ್ಮನಿರಲಿಲ್ಲ. ವಕೀಲರನ್ನು ಹಿಡಿದು, ನಮ್ಮನ್ನು ಕಾನೂನಿಗೆ ವಿರುದ್ಧವಾಗಿ ಕೂಡಿ ಹಾಕಿದ್ದಾರೆ ಅಂತ ಫೆಡರಲ್ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಒಂದಲ್ಲ, ಎರಡಲ್ಲ. ಹಾಫ್‌ಮನ್ ಮತ್ತು ಅವನ ಜೊತೆಯ ಜಡ್ಜ್‌ಗಳು ಆ ದಶಕದಲ್ಲಿ ಕೇಳಿದ್ದು ಏಳು ಸಾವಿರಕ್ಕೂ ಜಾಸ್ತಿ. ಅದರಲ್ಲಿ ಬಹುಪಾಲು ಜನರಿಗೆ ಇಳಿಯಲು ಅನುಮತಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗಳು ಕೋರ್ಟನ್ನೇ ಬೈದವು. ಹಾಗಂತ ಹಾಫ್‌ಮನ್‌ಗೆ ಚೀನೀಯರ ಮೇಲೆ ಪ್ರೀತಿ ಇತ್ತು ಅಂದುಕೊಳ್ಳಬೇಡಿ. ಅವರು ಬರಬಾರದು ಅನ್ನುವುದೇ ಅವನ ಅಭಿಪ್ರಾಯ. ಆದರೂ ಒಬ್ಬೊಬ್ಬನನ್ನೂ ಎದುರಿಗೆ ನಿಲ್ಲಿಸಿಕೊಂಡು, ಸಾಕ್ಷಿ ಕೇಳಿ, ಬಿಡಬೇಕಾದವನನ್ನು ಬಿಟ್ಟ. ದೊಡ್ಡ ಭಾಷಣ ಮಾಡುವ ಜಡ್ಜ್‌ಗಿಂತ ಇಂಥ ಜಡ್ಜ್ ಮೇಲೆ ನನಗೆ ಗೌರವ ಜಾಸ್ತಿ.

ಇನ್ನು ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ 1873ರಲ್ಲಿ ಹುಟ್ಟಿದವನು. ಅಡುಗೆ ಕೆಲಸ. 1894ರಲ್ಲಿ ಚೀನಾಕ್ಕೆ ಹೋಗುವಾಗ, ಇವನು ಇಲ್ಲೇ ಹುಟ್ಟಿದವನು ಅಂತ ಬಿಳಿಯರ ಸಹಿ ಇರುವ ಕಾಗದ ಮಾಡಿಸಿಕೊಂಡೇ ಹೊರಟ. ನಾವು ವೀಸಾ ಸ್ಟಾಂಪಿಂಗಿಗೆ ಊರಿಗೆ ಹೋಗುವಾಗ ಫೈಲ್ ತುಂಬ ಕಾಗದ ಇಟ್ಟುಕೊಳ್ಳುತ್ತೇವಲ್ಲ, ಹಾಗೇ. 1895ರ ಆಗಸ್ಟ್‌ನಲ್ಲಿ ಕಾಪ್ಟಿಕ್ ಅನ್ನುವ ಹಡಗಿನಲ್ಲಿ ವಾಪಸ್ ಬಂದರೆ ಕಾಗದಕ್ಕೆ ಬೆಲೆಯೇ ಇಲ್ಲ. ನೀನು ಪೌರನೇ ಅಲ್ಲ, ಇಳಿಯಬೇಡ ಅಂದರು. ಹುಟ್ಟೂರು ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಒಂದು ಹಡಗಿನಿಂದ ಇನ್ನೊಂದಕ್ಕೆ ಹತ್ತಿಸುತ್ತಾ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನೀರಿನ ಮೇಲೇ ಇಟ್ಟರು.

ಅವನ ಅರ್ಜಿ ಕೇಳಿದ್ದು ಜಡ್ಜ್ ವಿಲಿಯಂ ಮಾರೋ. ಈ ಮನುಷ್ಯ ಹಿಂದೆ ಕಾಂಗ್ರೆಸ್ ಸದಸ್ಯನಾಗಿದ್ದಾಗ ಚೀನೀಯರನ್ನು ತಡೆಯುವ ಪರವಾಗಿದ್ದವನು! ಸರ್ಕಾರದ ವಾದ ಏನೆಂದರೆ, ಅಪ್ಪ ಅಮ್ಮ ಚೀನಾ ಚಕ್ರವರ್ತಿಯ ಪ್ರಜೆಗಳು, ಹಾಗಾಗಿ ಮಗನೂ ಅಮೆರಿಕದ ಪೌರನಲ್ಲ. ಆದರೆ 1884ರಲ್ಲೇ ಇದೇ ಊರಿನ ಫೆಡರಲ್ ಕೋರ್ಟಿನಲ್ಲಿ, ಮೆಂಡೊಸಿನೋದಲ್ಲಿ ಹುಟ್ಟಿದ ಚೀನೀ ಹುಡುಗನೊಬ್ಬ ಇಲ್ಲಿ ಹುಟ್ಟಿದ್ದರಿಂದಲೇ ಪೌರ ಅಂತ ತೀರ್ಪು ಬಂದಿತ್ತು. ಸುಪ್ರೀಂ ಕೋರ್ಟ್ ಬೇರೆ ಹೇಳುವವರೆಗೆ ನಾನು ಅದಕ್ಕೆ ಬದ್ಧ ಅಂತ ಮಾರೋ 1896ರ ಜನವರಿ 3ರಂದು ವಾಂಗ್‌ನನ್ನು ಬಿಟ್ಟ. ಸರ್ಕಾರ ಮೇಲ್ಮನವಿ ಹಾಕಿತು. 1898ರಲ್ಲಿ ಸುಪ್ರೀಂ ಕೋರ್ಟ್ 6-2ರಲ್ಲಿ ಅದನ್ನೇ ಎತ್ತಿ ಹಿಡಿಯಿತು.

ಚೀನೀ ಅಡುಗೆಯವನ ಈ ಕೇಸಿನ ಮೇಲೆ ನಿಂತಿದೆ ನಮ್ಮ ಮಕ್ಕಳ ನೀಲಿ ಪಾಸ್‌ಪೋರ್ಟು. ಗೆದ್ದ ಮೇಲೂ ಅವನನ್ನು ಬಿಡಲಿಲ್ಲ ಅನ್ನುವುದು ಬೇರೆ ಮಾತು. 1901ರಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ಮತ್ತೆ ಹಿಡಿದು, ಪೌರ ಅಂತ ಸಾಬೀತು ಮಾಡು ಅಂದರು. ಸುಪ್ರೀಂ ಕೋರ್ಟಿನಲ್ಲಿ ಅವನ ಹೆಸರಿನದೇ ತೀರ್ಪು ಇದ್ದಾಗ!

ನಮ್ಮ ದೇಶದವರೂ ಈ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದಾರೆ. ಭಾರತದ ಸ್ವಾತಂತ್ರ್ಯಕ್ಕಾಗಿ ಇಲ್ಲಿಯ ಭಾರತೀಯರು ಕಟ್ಟಿದ ಗದರ್ ಪಕ್ಷದ ಮೇಲಿನ ಕೇಸು 1917ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು. ಭಾರತದಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎಬ್ಬಿಸಲು ಜರ್ಮನಿಯ ಜೊತೆ ಸೇರಿ ಸಂಚು ಮಾಡಿದರು ಅನ್ನುವುದು ಆರೋಪ. ಭಾರತದ ದಂಗೆಗೂ ಕ್ಯಾಲಿಫೋರ್ನಿಯಾದ ಕೋರ್ಟಿಗೂ ಏನು ಸಂಬಂಧ? ಸಂಚು ನಡೆದದ್ದು ಇಲ್ಲಿಯ ನೆಲದ ಮೇಲೆ. ಅಮೆರಿಕ ಶಾಂತಿಯಿಂದಿರುವ ದೇಶದ ಮೇಲೆ ಇಲ್ಲಿಂದ ದಂಡಯಾತ್ರೆ ಸಜ್ಜು ಮಾಡುವುದು ಫೆಡರಲ್ ಅಪರಾಧ. ಬ್ರಿಟಿಷ್ ಗುಪ್ತಚರರು ಸಾಕ್ಷಿ ಹೊಂದಿಸಿಕೊಟ್ಟರು. 1918ರ ಏಪ್ರಿಲ್‌ನಲ್ಲಿ, ವಿಚಾರಣೆಯ ಕೊನೆಯಲ್ಲಿ, ತುಂಬಿದ ಕೋರ್ಟಿನೊಳಗೇ ರಾಮ್ ಸಿಂಗ್ ಅನ್ನುವ ಆರೋಪಿ ಗದರ್ ಪತ್ರಿಕೆಯ ರಾಮಚಂದ್ರನಿಗೆ ಗುಂಡು ಹೊಡೆದ. ಕೋರ್ಟಿನ ಕಾವಲಿಗಿದ್ದ ಮಾರ್ಷಲ್ ತಕ್ಷಣ ರಾಮ್ ಸಿಂಗ್‌ಗೆ ಗುಂಡು ಹೊಡೆದ. ಇಬ್ಬರೂ ಸತ್ತರು. ತಾರಕನಾಥ ದಾಸ್ ಸೇರಿ ಹಲವರಿಗೆ ಜೈಲಾಯಿತು. ಸೆವೆಂತ್ ಮತ್ತು ಮಿಷನ್ ಬೀದಿಗಳ ಮೂಲೆಯ ಆ ಕಟ್ಟಡ ಇವತ್ತೂ ಇದೆ, ಈಗ ಅಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು. ಅದರ ಮುಂದೆಯೇ ಎಷ್ಟೋ ಸಲ ಪಾರ್ಕಿಂಗ್ ಹುಡುಕಿಕೊಂಡು ಸುತ್ತಿದ್ದೇನೆ, ಒಳಗೆ ಇಷ್ಟೆಲ್ಲ ನಡೆದಿದೆ ಅಂತ ಯಾರೂ ಹೇಳಿರಲಿಲ್ಲ.

ಈ ಕೋರ್ಟು ಯಾವಾಗಲೂ ಸರಿ ಮಾಡಿತು ಅಂತ ನಾನು ಹೇಳುತ್ತಿಲ್ಲ. 1942ರಲ್ಲಿ ಜಪಾನೀ ಮೂಲದವರನ್ನೆಲ್ಲ ಮನೆ ಬಿಡಿಸಿ ಶಿಬಿರಗಳಿಗೆ ತಳ್ಳಿದಾಗ, ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಫ್ರೆಡ್ ಕೊರೆಮಾಟ್ಸು ಹೋಗಲಿಲ್ಲ. ಅದಕ್ಕೆ ಅವನನ್ನು ಅಪರಾಧಿ ಅಂದದ್ದು ಇದೇ ಉತ್ತರ ಜಿಲ್ಲೆ. 1944ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. ಸುಮಾರು 40 ವರ್ಷ ಆದ ಮೇಲೆ ಹಳೇ ಕಡತಗಳಲ್ಲಿ ಕಾಗದಗಳು ಸಿಕ್ಕಿದವು. ಜಪಾನೀ ಅಮೆರಿಕನ್ನರಿಂದ ಅಪಾಯ ಅನ್ನುವ ಸೇನೆಯ ಮಾತನ್ನು ಸರ್ಕಾರದ್ದೇ ಬೇರೆ ಸಂಸ್ಥೆಗಳು ಅಲ್ಲಗಳೆದಿದ್ದವು. ಅದನ್ನು ಸುಪ್ರೀಂ ಕೋರ್ಟಿನಿಂದ ಮುಚ್ಚಿಟ್ಟಿದ್ದರು. ಕೊರೆಮಾಟ್ಸು ಮತ್ತೆ ಅದೇ ಜಿಲ್ಲಾ ಕೋರ್ಟಿಗೆ ಬಂದ. 1983ರ ನವೆಂಬರ್ 10ರಂದು ಜಡ್ಜ್ ಮೆರಿಲಿನ್ ಹಾಲ್ ಪಟೇಲ್ ಶಿಕ್ಷೆಯ ತೀರ್ಪನ್ನೇ ಅಳಿಸಿ ಹಾಕಿದರು. ಸುಪ್ರೀಂ ಕೋರ್ಟ್ ಹೇಳಿದ ಕಾನೂನನ್ನು ಕೆಳಗಿನ ಕೋರ್ಟು ಮುಟ್ಟುವಂತಿಲ್ಲ. ಆದರೆ ಸುಳ್ಳು ಸಂಗತಿಗಳ ಮೇಲೆ ನಿಂತ ಶಿಕ್ಷೆಯನ್ನು ಅಳಿಸಬಹುದು. 1944ರ ತೀರ್ಪು ತಪ್ಪಾಗಿತ್ತು ಅಂತ ಸುಪ್ರೀಂ ಕೋರ್ಟ್ ಬಾಯಿ ಬಿಡಲು 2018 ಬರಬೇಕಾಯಿತು.

ಇದೇ ಜಡ್ಜ್ ಪಟೇಲ್, ಇಂಟರ್ನೆಟ್ಟಿನಲ್ಲಿ ಹಾಡು ಹಂಚುತ್ತಿದ್ದ ನ್ಯಾಪ್‌ಸ್ಟರ್ ಕೇಸನ್ನೂ ಕೇಳಿದವರು. ಟೆಕ್ ಕೇಸುಗಳ ಬಗ್ಗೆ ನಮ್ಮವರಿಗೆ ನಾನೇನೂ ಹೇಳಬೇಕಾಗಿಲ್ಲ. 2012ರಲ್ಲಿ ಸ್ಯಾನ್ ಹೋಸೆಯಲ್ಲಿ ಆಪಲ್-ಸ್ಯಾಮ್‌ಸಂಗ್ ಪೇಟೆಂಟ್ ಕೇಸಿನ ನೂರು ಕೋಟಿ ಡಾಲರ್, ಅಲ್ಲೇ ರಕ್ತ ಪರೀಕ್ಷೆಯ ಕಂಪನಿ ಥೆರಾನೋಸ್‌ನ ಎಲಿಜಬೆತ್ ಹೋಮ್ಸ್, ಸನ್ನಿ ಬಲ್ವಾನಿ, ಓಕ್‌ಲ್ಯಾಂಡಿನಲ್ಲಿ ಎಪಿಕ್-ಆಪಲ್. ಊಟದ ಟೇಬಲ್ಲಿನಲ್ಲಿ ಇದನ್ನೆಲ್ಲ ಗಂಟೆಗಟ್ಟಲೆ ಮಾತಾಡುತ್ತೇವೆ. ವಾಂಗ್ ಹೆಸರು ಹೇಳಿದರೆ "ಯಾವ ಕಂಪನಿಯವನು?" ಅಂತಾರೆ.

ತಮಾಷೆ ಏನು ಗೊತ್ತಾ? "ನಮಗ್ಯಾಕೆ" ಅನ್ನುವ ಇದೇ ಗುಂಪಿನಲ್ಲಿ ವಾರಕ್ಕೊಮ್ಮೆ ಒಂದು ಪ್ರಶ್ನೆ ಬರುತ್ತದೆ: "ನನ್ನ ಅರ್ಜಿ ಎರಡು ವರ್ಷದಿಂದ ಹಾಗೇ ಬಿದ್ದಿದೆ, ಮ್ಯಾಂಡಮಸ್ ಹಾಕಬಹುದಾ?" ಮ್ಯಾಂಡಮಸ್ ಅಂದರೆ, ನಿನ್ನ ಕೆಲಸ ಮಾಡು ಅಂತ ಸರ್ಕಾರಕ್ಕೆ ಕೋರ್ಟಿನಿಂದ ಹೇಳಿಸುವ ಕೇಸು. ಹಾಕಬಹುದು. ಈ 15 ಕೌಂಟಿಗಳಲ್ಲಿ ಮನೆಯಿದ್ದವರು ಇದೇ ಉತ್ತರ ಜಿಲ್ಲೆಯಲ್ಲೂ ಹಾಕುತ್ತಾರೆ. ಫೀಸು 405 ಡಾಲರ್, ವಕೀಲರದ್ದು ಬೇರೆ. ಅರ್ಜಿಯನ್ನು ಒಪ್ಪಿ ಅಂತ ಕೋರ್ಟು ಹೇಳುವುದಿಲ್ಲ, ಏನಾದರೂ ಒಂದು ತೀರ್ಮಾನ ಮಾಡಿ ಅಂತ ಹೇಳಬಹುದು. ಭಾರತೀಯರ ಗ್ರೀನ್ ಕಾರ್ಡ್ ಸಾಲು ಇದರಿಂದ ಕರಗುವುದಿಲ್ಲ, ಯಾಕೆಂದರೆ ಆ ಸಂಖ್ಯೆ ಕಾಂಗ್ರೆಸ್ ಕಟ್ಟಿಟ್ಟದ್ದು. ಉತ್ತರದ ಕೆಳಗೆ ಇನ್ನೊಬ್ಬರು ಬರುತ್ತಾರೆ: "ಸರ್ಕಾರದ ಮೇಲೆ ಕೇಸ್ ಹಾಕಿದರೆ ಸಿಟ್ಟು ಮಾಡಿಕೊಂಡು ರಿಜೆಕ್ಟ್ ಮಾಡಿದರೆ?"

ಹಡಗಿನ ಮೇಲೆ ಕೂಡಿ ಹಾಕಿದ್ದಾಗಲೇ ಕೇಸ್ ಹಾಕಿದವನಿಗೆ ಈ ಹೆದರಿಕೆ ಇರಲಿಲ್ಲವಾ? ನಮ್ಮಲ್ಲಿ ಯಾರಾದರೂ ಹೋಗಿ ಹಾಕಿ. ಹಾಕಿದ ಮೇಲೆ, ದಯವಿಟ್ಟು, "ಅವರ ಗಲಾಟೆ ನಮಗ್ಯಾಕೆ" ಅಂತ ನನಗೆ ಫಾರ್ವರ್ಡ್ ಕಳಿಸಬೇಡಿ.