ಮುಂದಿನ ಗೇಟಿನಲ್ಲಿ ಸಸಿ, ಹಿಂದಿನ ಗೇಟಿನಲ್ಲಿ ಗುಜರಿ ಟೆಂಪೋ

ಇವತ್ತು ನಮ್ಮ ಹಾಸನದ ಬಿ.ಎಂ. ರಸ್ತೆಯ ಒಂದು ಕಂಪನಿಗೆ ಪ್ರಿಂಟರ್ ನೋಡಲು ಹೋಗಿದ್ದೆ. ಪರಿಸರ ದಿನ ಅಲ್ವಾ, ಗೇಟಿನ ಹತ್ತಿರ ಶಾಮಿಯಾನ, ಹಸಿರು ಬ್ಯಾನರ್, ಒಂದು ಹೊಂಗೆ ಸಸಿಗೆ ಎಂಟು ಕೈ. ಫೋಟೋದಲ್ಲಿ ಸಸಿ ಬಂತೋ ಇಲ್ಲವೋ ದೇವರಿಗೇ ಗೊತ್ತು. ಅದೇ ಹೊತ್ತಿಗೆ ಹಿಂದಿನ ಗೇಟಿನಲ್ಲಿ ಹಳೆ ಸಿಪಿಯು, ಮಾನಿಟರ್, ಯುಪಿಎಸ್, ರಾಶಿ ವೈರು, ಎಲ್ಲವನ್ನೂ ಗುಜರಿ ಟೆಂಪೋಗೆ ತುಂಬುತ್ತಿದ್ದರು. ಕೆಜಿ ಲೆಕ್ಕ. ತೂಕ ಹಾಕಿದ್ದು ನೋಡಿದೆ, ನೋಟು ಎಣಿಸಿದ್ದೂ ನೋಡಿದೆ. ಯಾರಿಗೆ ಏನು ಕೊಟ್ಟೆವು ಅನ್ನುವ ಚೀಟಿ ಮಾತ್ರ ಕಾಣಲಿಲ್ಲ.

ಕಂಪನಿ ಹೆಸರು ಕೇಳಬೇಡಿ. ಅಲ್ಲಿನ ಎಎಂಸಿ (ಕಂಪ್ಯೂಟರ್ ನೋಡಿಕೊಳ್ಳುವ ವರ್ಷದ ಗುತ್ತಿಗೆ) ನಮ್ಮದೇ, ಹಳೆ ಬಿಲ್ ಇನ್ನೂ ಬಾಕಿ ಇದೆ. ಅದಕ್ಕೇ ಅಲ್ಲಿ ಜೋರಾಗಿ ಏನೂ ಹೇಳದೆ ಬಂದು ಇಲ್ಲಿ ಕೂಗಾಡುತ್ತಿದ್ದೇನೆ.

ಗುಜರಿಯವರ ಮೇಲೆ ನನಗೆ ಕೋಪ ಇಲ್ಲ. ಅವರು ಕೊಟ್ಟಿದ್ದನ್ನು ಒಯ್ಯುತ್ತಾರೆ. ಆದರೆ ಇಂಥ ಮಾಲು ಚೀಟಿ ಇಲ್ಲದೆ ಕೈಯಿಂದ ಕೈಗೆ ದಾಟಿ ಕೊನೆಗೆ ಏನಾಗುತ್ತದೆ ಅಂತ ಈ ಲೈನಿನಲ್ಲಿರುವವರಿಗೆಲ್ಲ ಗೊತ್ತು. ತಾಮ್ರ ಬೇಕು ಅಂತ ವೈರಿಗೆ ಬೆಂಕಿ ಇಡುತ್ತಾರೆ, ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಅನ್ನುವ ವಿಷ ಇರುತ್ತದೆ. ಬೋರ್ಡಿನಲ್ಲಿರುವ ಚೂರು ಚಿನ್ನಕ್ಕೆ ಆಸಿಡ್, ಉಳಿದ ಆಸಿಡ್ ಮೋರಿಗೆ. ಹಳೆ ಡಬ್ಬಾ ಮಾನಿಟರಿನ ಗಾಜಿನಲ್ಲಿ ಸೀಸ ಇದೆ, ಆ ಗಾಜನ್ನು ಕೊಳ್ಳುವವರೂ ಇಲ್ಲ, ಹಾಗಾಗಿ ಎಲ್ಲೋ ಹಳ್ಳದ ಪಕ್ಕ ಒಡೆದು ಬೀಳುತ್ತದೆ. ಹೇಮಾವತಿ ನೀರು ಕುಡಿಯುವ ಊರು ನಮ್ಮದು, ನೆನಪಿರಲಿ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ, ಅಂದರೆ ಇಂಥ ಎಲೆಕ್ಟ್ರಾನಿಕ್ ಕಸ ಬಂತಂತೆ, ಅದರಲ್ಲಿ ಸರಿಯಾಗಿ ರಿಸೈಕಲ್ ಆಗಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ವಿಶ್ವಸಂಸ್ಥೆಯ ಲೆಕ್ಕ. ಮಿಕ್ಕಿದ್ದಕ್ಕೆ ಚೀಟಿ ಇಲ್ಲ.

ಇದನ್ನು ನೋಂದಾಯಿತ ರಿಸೈಕ್ಲರ್‌ಗೆ ಯಾಕೆ ಕೊಡಲಿಲ್ಲ ಅಂತ ಆ ಕಂಪನಿಯ ಅಕೌಂಟೆಂಟ್ ಸಾಹೇಬರನ್ನು ಮೆಲ್ಲಗೆ ಕೇಳಿದೆ. "ಅದೆಲ್ಲ ದೊಡ್ಡವರಿಗೆ ಕಣ್ರೀ, ನಮಗಲ್ಲ" ಅಂದರು. ಮಾತು ಅಷ್ಟರಮಟ್ಟಿಗೆ ಸರಿ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು, ಅದರಲ್ಲಿ ಬಲ್ಕ್ ಕನ್ಸ್ಯೂಮರ್ (ದೊಡ್ಡ ಬಳಕೆದಾರ) ಅಂದರೆ ಕನಿಷ್ಠ 1000 ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಯೂನಿಟ್ ಬಳಸುವವರು. ಅವರು ನೋಂದಾಯಿತ ರಿಸೈಕ್ಲರ್, ರಿಫರ್ಬಿಷರ್ (ಹಳೆಯದನ್ನು ರಿಪೇರಿ ಮಾಡಿ ಮತ್ತೆ ಬಳಕೆಗೆ ಕೊಡುವವರು) ಅಥವಾ ಪ್ರೊಡ್ಯೂಸರ್‌ಗೇ ಕೊಡಬೇಕು. ಇವರ ಹತ್ತಿರ ಅಷ್ಟಿಲ್ಲ, ಒಪ್ಪಿದೆ. ಆದರೆ ಬ್ಯಾನರ್ ಬರೆಸುವಾಗ ಈ 1000ದ ಲೆಕ್ಕ ಎಲ್ಲಿಗೆ ಹೋಗಿತ್ತು? ಫೋಟೋಗೆ ನಾವು ದೊಡ್ಡವರು, ಚೀಟಿಗೆ ನಾವು ಸಣ್ಣವರು!

ಇನ್ನೊಂದು ನೆಪ, ದೂರ. ಬೆಂಗಳೂರಿಗೆ ಯಾರು ಕಳಿಸುತ್ತಾರೆ ಅಂತ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಇ-ತ್ಯಾಜ್ಯ ರಿಸೈಕಲ್ ಘಟಕ 2005ರಲ್ಲೇ ಶುರುವಾಗಿದೆ, ನೆಲಮಂಗಲದಿಂದ ತುಮಕೂರು ಕಡೆ ತಿರುಗಿದರೆ ಆಯ್ತು. ಅದೊಂದೇ ಅಲ್ಲ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿತರು ಯಾರು ಅಂತ ಹುಡುಕಬಹುದು. ಹಾಸನದಿಂದ ಬೆಂಗಳೂರಿಗೆ ದಿನಾ ಎಷ್ಟು ಲಾರಿ ಓಡುತ್ತವೆ! ಕಾಫಿ ಮೂಟೆಗೆ ದಾರಿ ಗೊತ್ತಿರುವ ಊರಿಗೆ ಹಳೆ ಮಾನಿಟರಿಗೆ ದಾರಿ ಗೊತ್ತಿಲ್ಲವಂತೆ.

ನನ್ನ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಆ ಟೆಂಪೋದಲ್ಲಿದ್ದ ಮೆಷಿನ್‌ಗಳಲ್ಲಿ ಅರ್ಧ ಚೆನ್ನಾಗಿಯೇ ಇದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು, ಇವಕ್ಕೆ 11 ಕೂರುವುದಿಲ್ಲ, ಅದಕ್ಕೇ ಗುಜರಿ. ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಕೂರಿಸಿದ್ದರೆ ಯಾವುದಾದರೂ ಹಳ್ಳಿ ಶಾಲೆಯಲ್ಲಿ ಇನ್ನೂ ವರ್ಷಗಟ್ಟಲೆ ಓಡುತ್ತಿದ್ದವು. ಲ್ಯಾಪ್‌ಟಾಪ್ ವಿಷಯದಲ್ಲಂತೂ ಕಾರ್ಬನ್ ಜಾಸ್ತಿ ಹೊರಬರುವುದು ನಾವು ಬಳಸುವಾಗ ಅಲ್ಲ, ಅದನ್ನು ತಯಾರಿಸುವಾಗ. ರಿಸೈಕಲ್ ಮಾಡುವ ಮೊದಲು ಇನ್ನೊಂದಷ್ಟು ವರ್ಷ ಓಡಿಸಿದರೆ ಅದೇ ದೊಡ್ಡ ಉಳಿತಾಯ. ಆದರೆ ಅದಕ್ಕೆ ಬ್ಯಾನರ್ ಕಟ್ಟಲು ಆಗಲ್ಲ ನೋಡಿ.

ಹಾರ್ಡ್‌ಡಿಸ್ಕ್ ಕೂಡ ಹಾಗೇ ಹೋಯ್ತು. ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಡೇಟಾ ಹೋಗುವುದಿಲ್ಲ ಸ್ವಾಮಿ. ಹಿಂದೆ ಒಮ್ಮೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದಾಗ ಅದರಲ್ಲಿ ಯಾವುದೋ ಆಫೀಸಿನ ಸಂಬಳದ ಪಟ್ಟಿ, ಜನರ ಆಧಾರ್ ಕಾಪಿ ಎಲ್ಲ ಇತ್ತು.

ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ತಮ್ಮ ಇ-ತ್ಯಾಜ್ಯ ಎಷ್ಟು ಟನ್ ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ವರದಿ ಕೊಡಬೇಕು. ಅಂಥವರಿಗೆ ಮಾಲು ಕೊಡುವ ನಮ್ಮೂರಿನವರನ್ನೂ ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾರೆ. ಆಗ ಹೊಂಗೆ ಸಸಿಯ ಫೋಟೋ ಕಳಿಸುತ್ತೀರಾ?

ಬಿ.ಎಂ. ರಸ್ತೆ, ಸಾಲಗಾಮೆ ರಸ್ತೆಯ ಆಫೀಸಿನವರು ನಾಲ್ಕೈದು ಜನ ಒಟ್ಟಿಗೆ ಸೇರುವುದಾದರೆ ಹೇಳಿ. ಒಂದೇ ಗಾಡಿ ಮಾಡಿ ನೋಂದಾಯಿತ ರಿಸೈಕ್ಲರ್‌ಗೆ ಕಳಿಸೋಣ, ಚೀಟಿ ಅವರವರ ಹೆಸರಿಗೆ ಬರಲಿ. ಓಡುವ ಮೆಷಿನ್ ಯಾವುದು, ಓಡದ್ದು ಯಾವುದು ಅಂತ ನಾನೇ ಬಂದು ಬೇರ್ಪಡಿಸುತ್ತೇನೆ. ಡಿಸ್ಕ್ ಪೂರ್ತಿ ಅಳಿಸಿ ಕೊಡುತ್ತೇನೆ. ಬಿಲ್ ಹಾಕುತ್ತೇನೆ, ಪುಕ್ಕಟೆ ಅಲ್ಲ. ಹಳೆ ಬಾಕಿ ಇರುವವರು ಮೊದಲು ಅದನ್ನು ಕೊಡಿ.