ಎದೆ ನೋವಿಗೆ ಸೋಡಾ, ನೋವಿಲ್ಲದ ಎದೆಗೆ ಮೈಸೂರು

ಹಾಸನಕ್ಕೊಂದು ದೊಡ್ಡ ಸಂಶೋಧನಾ ಸಂಸ್ಥೆ ಬೇಕು ಅಂತ ಅರ್ಜಿ ಹಿಡಿದು ಓಡಾಡುತ್ತಿದ್ದವರು ಇನ್ನು ಆರಾಮಾಗಿ ಮನೆಯಲ್ಲಿರಬಹುದು. 2025ರ ಜೂನ್ ಕೊನೆಯ ಹೊತ್ತಿಗೆ ಅದು ತಾನಾಗೇ ಹುಟ್ಟಿಕೊಂಡಿತು. ಕಟ್ಟಡ ಇಲ್ಲ, ಕುಲಪತಿ ಇಲ್ಲ, ಶಂಕುಸ್ಥಾಪನೆಯ ಕಲ್ಲೂ ಇಲ್ಲ. ಟೀ ಅಂಗಡಿಯ ಬೆಂಚು, ಸಲೂನಿನ ಕುರ್ಚಿ, ಮದುವೆ ಮನೆಯ ಊಟದ ಪಂಕ್ತಿ, ಇವೇ ಅದರ ವಿಭಾಗಗಳು. ಜಿಲ್ಲೆಯಲ್ಲಿ ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ತೀರಿಕೊಂಡರು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ ಅಂತ ಸುದ್ದಿ ಬಂತು. ಸತ್ತವರ ಮನೆಯ ದುಃಖ ದೊಡ್ಡದು, ಅದರಲ್ಲಿ ತಮಾಷೆಗೆ ಜಾಗವಿಲ್ಲ. ಇಲ್ಲಿ ಹೇಳಹೊರಟಿರುವುದು ಬದುಕಿ ಉಳಿದ ನಮ್ಮ ಸಮಾಚಾರ.

ಆಟೋ ಸ್ಟ್ಯಾಂಡ್ ವಿಭಾಗದವರು ಲಸಿಕೆಯೇ ಕಾರಣ ಅಂದರು. ಸಲೂನ್ ವಿಭಾಗದವರು ಬ್ರಾಯ್ಲರ್ ಕೋಳಿ ಅಂದರು. ಕಿರಾಣಿ ಅಂಗಡಿ ಮುಂದೆ ನಿಂತವರು ಪಾಮಾಯಿಲ್ ಅಂದರು. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಮಾತ್ರ ಮೊಬೈಲ್ ಟವರ್ ಬಿಟ್ಟು ಕದಲಲಿಲ್ಲ. ಆ ಟವರ್ ಇರುವುದು ಅವರ ತಮ್ಮನ ಸೈಟಿನಲ್ಲಿ, ಬಾಡಿಗೆ ತಮ್ಮನಿಗೆ ಹೋಗುತ್ತದೆ. ಅದಕ್ಕೂ ಮೇಷ್ಟ್ರ ಸಂಶೋಧನೆಗೂ ಯಾವ ಸಂಬಂಧವೂ ಇಲ್ಲ.

ನಮ್ಮ ಬೆಂಚನ್ನು ಮಾತ್ರ ಯಾಕೆ ಬೈಯಬೇಕು? ಜುಲೈ 1ರಂದು ಮುಖ್ಯಮಂತ್ರಿಗಳೇ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಒಂದು ಕಾರಣ ಇರಬಹುದು ಅಂದರು. ಮಾರನೇ ದಿನವೇ ದೆಹಲಿಯಿಂದ ಉತ್ತರ ಬಂತು: ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ. ಅಲ್ಲಿಗೆ ಹೃದಯಕ್ಕೂ ಪಕ್ಷ ಬಂತು. ಟೀ ಅಂಗಡಿಯಲ್ಲಿ ಯಾರಾದರೂ ಎದೆ ಮುಟ್ಟಿಕೊಂಡರೆ, ಎಡಕ್ಕೋ ಬಲಕ್ಕೋ ಅಂತ ನೋಡುವ ಕಾಲ.

ತಮಾಷೆ ಏನೆಂದರೆ, ಈ ಪ್ರಶ್ನೆಗೆ ಉತ್ತರ ನಮ್ಮ ಗಾಬರಿಗಿಂತ ಎರಡು ವರ್ಷ ಮೊದಲೇ ಅಚ್ಚಾಗಿತ್ತು. ಐಸಿಎಂಆರ್‌ನವರು ದೇಶದ 47 ದೊಡ್ಡ ಆಸ್ಪತ್ರೆಗಳನ್ನು ಹಿಡಿದು, ಚೆನ್ನಾಗೇ ಇದ್ದು ದಿಢೀರ್ ಅಂತ ಸತ್ತ 18ರಿಂದ 45 ವಯಸ್ಸಿನವರ ಲೆಕ್ಕ ತೆಗೆದಿದ್ದರು. ಅದೇ ವಯಸ್ಸಿನ, ಅದೇ ಅಕ್ಕಪಕ್ಕದ, ಬದುಕಿರುವವರ ಜೊತೆ ತಾಳೆ ನೋಡಿದ್ದರು. 2023ರಲ್ಲಿ ಫಲಿತಾಂಶ ಬಂತು. ಲಸಿಕೆಯಿಂದ ಅಪಾಯ ಜಾಸ್ತಿಯಾಗಿಲ್ಲ, ಎರಡು ಡೋಸ್ ತೆಗೆದುಕೊಂಡವರಲ್ಲಿ ಕಮ್ಮಿಯೇ ಇತ್ತು. ಹಾಗಾದರೆ ಯಾವುದರಿಂದ ಜಾಸ್ತಿ? ಮನೆತನದಲ್ಲಿ ಹೀಗೆ ದಿಢೀರ್ ಸಾವು ಆಗಿರುವುದು. ಕೋವಿಡ್ ಬಂದು ಆಸ್ಪತ್ರೆಗೆ ಸೇರಿದ್ದು. ಸಿಗರೇಟು. ಸಾಯುವ ಮುಂಚಿನ ಎರಡು ದಿನದಲ್ಲಿ ಕಂಠಪೂರ್ತಿ ಕುಡಿದಿದ್ದು. ಅದೇ ಎರಡು ದಿನದಲ್ಲಿ ವಿಪರೀತ ಮೈ ದಂಡಿಸಿದ್ದು.

ಈ ಪಟ್ಟಿಯನ್ನು ನಾನೊಮ್ಮೆ ಬೆಂಚಿನ ಮೇಲೆ ಓದಿದೆ. ಕಂಠಪೂರ್ತಿ ಅನ್ನುವಲ್ಲಿಗೆ ಬಂದಾಗ ಆಟೋ ಅಣ್ಣ ತಡೆದ. "ಅಲ್ಲ ಸಾರ್, ಇದನ್ನ ಕಂಡ್ಹಿಡಿಯೋಕೆ 47 ಆಸ್ಪತ್ರೆ ಬೇಕಾ? ನಮ್ಮಮ್ಮ ದಿನಾ ಹೇಳ್ತಾಳೆ" ಅಂದ. ಅಮ್ಮನ ಮಾತು ಕೇಳುತ್ತೀಯಾ ಅಂತ ನಾನು ಕೇಳಲಿಲ್ಲ. ಅವನ ಕೈಯಲ್ಲಿ ಉರಿಯುತ್ತಿದ್ದದ್ದೇ ಉತ್ತರ ಹೇಳುತ್ತಿತ್ತು.

ಅಷ್ಟರಲ್ಲಿ ಊರು ಮೈಸೂರಿಗೆ ಹೊರಟಿತ್ತು. ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ, ಹೆಚ್ಚುಕಮ್ಮಿ ನೂರಿಪ್ಪತ್ತು ಕಿಲೋಮೀಟರ್ ಹೋಗಿ, ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲು ನಿಂತರು. ಗಾಬರಿ ಬೀಳಬೇಡಿ ಅಂತ ಅಲ್ಲಿನ ವೈದ್ಯರು ಬೇಡಿಕೊಂಡರು. ಹಾಸನಾಂಬೆ ದರ್ಶನಕ್ಕೆ ರಾತ್ರಿಯಿಡೀ ನಿಂತು ಪಳಗಿದ ಜಿಲ್ಲೆಗೆ ಕ್ಯೂ ಅಂದರೆ ಲೆಕ್ಕವೇ? ಬಂದವರಲ್ಲಿ ಹೆಚ್ಚಿನವರಿಗೆ ಎದೆ ನೋವಿರಲಿಲ್ಲ. ಕ್ಯೂನಲ್ಲಿ ನಿಂತು ನಿಂತು ಕಾಲು ನೋವು ಬಂದಿತ್ತು.

ಇಸಿಜಿ ಮಾಡಿಸಿಕೊಂಡು ಬಂದ ನಮ್ಮ ಷಡ್ಡಕರ ಬಗ್ಗೆ ಇಲ್ಲಿ ಹೇಳಲೇಬೇಕು. ತಣ್ಣನೆ ಜೆಲ್ ಹಚ್ಚಿ, ಎದೆಗೂ ಕೈಕಾಲಿಗೂ ವೈರು ಸಿಕ್ಕಿಸಿ, ಗುಲಾಬಿ ಗೆರೆಯ ಕಾಗದದ ಮೇಲೆ ಬೆಟ್ಟಗುಡ್ಡ ಬರೆಸಿಕೊಂಡು ಬಂದರು. 'ನಾರ್ಮಲ್' ಅಂತ ಬರೆದಿತ್ತು. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಲು ಹೋದರು. ಬಿಸಿ ತಗುಲಿದ್ದೇ ತಡ, ಕಾಗದ ಪೂರ್ತಿ ಕಪ್ಪಾಯಿತು. ಕಾವಿಗೆ ಕಪ್ಪಾಗುವ ಕಾಗದ ಅದು, ಪಾಪ ಅಂಗಡಿಯವನಿಗೇನು ಗೊತ್ತು? "ಈಗ ನನ್ ಹಾರ್ಟು ನಾರ್ಮಲ್ ಅನ್ನೋಕೆ ಪ್ರೂಫೇ ಇಲ್ವಲ್ಲ ಭಾವ" ಅಂತ ನನ್ನ ಮುಂದೆ ಕೂತರು. ಮತ್ತೆ ಮೈಸೂರು ಬಸ್ಸಿಗೆ ಹೊರಟವರನ್ನು ಮನೆಯವರು ತಡೆದು ಕೂರಿಸಿದರು.

ಇಸಿಜಿ ಅನ್ನುವುದು ಆ ಹೊತ್ತಿನಲ್ಲಿ ಹೃದಯದ ಕರೆಂಟು ಹೇಗೆ ಹರಿಯುತ್ತಿದೆ ಅಂತ ಹೇಳುತ್ತದೆ, ಅಷ್ಟೇ. ರಕ್ತನಾಳದ ಒಳಗೆ ಕೊಬ್ಬು ಕೂತು ವರ್ಷಗಳೇ ಆಗಿದ್ದರೂ, ಸುಮ್ನೆ ಕೂತವನ ಇಸಿಜಿ ಚೆನ್ನಾಗೇ ಬರಬಹುದು. ಹಲವು ಸಲ ಹೃದಯಾಘಾತ ಆಗುವುದು ದೊಡ್ಡ ಬ್ಲಾಕಿನಿಂದಲೂ ಅಲ್ಲ. ಸಣ್ಣ ಕೊಬ್ಬಿನ ಗಂಟಿನ ಮೇಲಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋಗುತ್ತದೆ.

ಆ ಗಂಟು ಎಲ್ಲಿ ಕೂರುತ್ತದೆ ಅನ್ನುವುದು ಇನ್ನೂ ಚೆಂದದ ಕತೆ. ಜೀವಕೋಶಗಳನ್ನು ಯಾವುದು ಎಳೆಯುತ್ತದೆ, ಯಾವುದು ಒತ್ತುತ್ತದೆ, ಅದಕ್ಕೆ ಅವು ಏನು ಮಾಡುತ್ತವೆ ಅಂತ ನೋಡುವುದೇ ಒಂದು ಶಾಸ್ತ್ರ. ರಕ್ತನಾಳದ ಒಳಗೋಡೆಗೆ ಒಂದೇ ಪದರ ಜೀವಕೋಶ ಹಾಸಿದೆ. ರಕ್ತ ನೇರವಾಗಿ ಹರಿಯುವ ಕಡೆ ಅವು ಹರಿವಿನ ದಿಕ್ಕಿಗೇ ಉದ್ದಕ್ಕೆ ಸಾಲಾಗಿ ಮಲಗಿರುತ್ತವೆ. ನಾಳ ಕವಲೊಡೆಯುವ ಕಡೆ ಹರಿವು ಸುಳಿಯಾಗುತ್ತದೆ, ಹಿಂದೆ ಮುಂದೆ ಹೊಯ್ದಾಡುತ್ತದೆ. ಅಲ್ಲಿ ಜೀವಕೋಶಗಳಿಗೆ ದಿಕ್ಕು ತಪ್ಪುತ್ತದೆ. ಸಂಜೆ ಆರು ಗಂಟೆಯ ಎನ್.ಆರ್. ಸರ್ಕಲ್ ನೆನಪಿಸಿಕೊಳ್ಳಿ, ನೇರ ರಸ್ತೆಯಲ್ಲಿ ಸರಿಯಾಗಿ ಬಂದವನೂ ಸರ್ಕಲ್ಲಿಗೆ ಬಂದ ಕೂಡಲೇ ಎಲ್ಲೆಂದರಲ್ಲಿ ನುಗ್ಗುತ್ತಾನಲ್ಲ, ಹಾಗೆ. ಕೊಬ್ಬು ಮೊದಲು ಒಳಸೇರುವುದು ಇಂಥ ಕವಲುಗಳಲ್ಲೇ. ಬಿಪಿ, ಶುಗರ್, ಹೊಗೆ ಜೊತೆಗೆ ಸೇರಿದರೆ ಕೇಳುವುದೇ ಬೇಡ.

ಇಷ್ಟು ವಿಷಯ ಬೆಂಚಿಗೆ ಬೇಡ. ಬೆಂಚಿಗೆ ಬೇಕಾಗಿರುವುದು ಫಾರ್ವರ್ಡ್.

ಫಾರ್ವರ್ಡ್ ಹೇಗೆ ತಯಾರಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೂಳೆ ಮಜ್ಜೆಯ ಕಾಂಡಕೋಶಗಳನ್ನು, ಅಂದರೆ ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲ ಮೂಲಕೋಶಗಳನ್ನು, ಬೇರೆ ಬೇರೆ ಗಡಸುತನದ ಜೆಲ್ ಮೇಲೆ ಬೆಳೆಸಿದ ವರದಿ ಕೊಟ್ಟರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲಿದ್ದವು ನರಕೋಶದ ಲಕ್ಷಣ ತೋರಿಸಿದವು. ಗಟ್ಟಿ ಜೆಲ್ ಮೇಲಿದ್ದವು ಮೂಳೆಯ ಕಡೆ ವಾಲಿದವು. ನಡುವಿನದ್ದು ಸ್ನಾಯುವಿನ ಕಡೆ. ಕೂತ ಜಾಗ ಗಟ್ಟಿಯೋ ಮೆತ್ತಗೋ ಅಂತ ಜೀವಕೋಶಕ್ಕೆ ತಿಳಿಯುತ್ತದೆ ಅಂತ ತೋರಿಸಿದ, ಎಲ್ಲರೂ ಮೆಚ್ಚಿದ ಕೆಲಸ ಅದು.

ಇದನ್ನು ಎಲ್ಲೋ ಓದಿ ಬಂದ ಎಂಜಿನಿಯರಿಂಗ್ ಹುಡುಗನೊಬ್ಬ ಮನೆಯಲ್ಲಿ ಹೇಳಿದ. ಅವನ ದೊಡ್ಡಮ್ಮ ಅರ್ಧ ಕೇಳಿಸಿಕೊಂಡರು. ಸಂಜೆಯೊಳಗೆ ನಮ್ಮ ಗ್ರೂಪಿಗೆ ಬಂದದ್ದು ಇದು: "ವಿಜ್ಞಾನಿಗಳೇ ಒಪ್ಪಿದ್ದಾರೆ! ಮೆತ್ತಗಿನ ಇಡ್ಲಿ ತಿಂದರೆ ಮೆದುಳು ಚುರುಕು, ಗಟ್ಟಿ ಮುದ್ದೆ ತಿಂದರೆ ಮೂಳೆ ಗಟ್ಟಿ. ನಮ್ಮ ಹಿರಿಯರಿಗೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಹತ್ತು ಜನಕ್ಕೆ ಕಳಿಸಿ." ಕೆಳಗೆ ಮೂವತ್ತು ಜನ ಕೈ ಮುಗಿದಿದ್ದರು. ಒಬ್ಬರು ಮಾತ್ರ ಗಂಭೀರವಾಗಿ, "ಉಪ್ಪಿಟ್ಟು ಯಾವುದಕ್ಕೆ?" ಅಂತ ಕೇಳಿದ್ದರು. ಇಡೀ ಗ್ರೂಪಿನಲ್ಲಿ ನಿಜವಾದ ಸಂಶೋಧಕ ಅಂದರೆ ಆ ಮನುಷ್ಯ. ಉತ್ತರ ಇನ್ನೂ ಬಂದಿಲ್ಲ.

ಆಹಾರ ಸುರಕ್ಷತಾ ವಿಭಾಗದಲ್ಲಿ ನಮ್ಮ ಸಾಧನೆ ಇನ್ನೂ ದೊಡ್ಡದು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷೆ ಮಾಡಿಸಿತು. 107ರಲ್ಲಿ ಅಸುರಕ್ಷಿತ ಬಣ್ಣ. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ಹಾಕಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಅಂತ ಎಚ್ಚರಿಕೆ ಬಂತು. ನಮ್ಮ ಕಡೆ ತಳ್ಳುಗಾಡಿಗಳ ಗೋಬಿ ರಾತ್ರೋರಾತ್ರಿ ಬಿಳಿಚಿಕೊಂಡಿತು. ಆ ವಾರ ಗಾಡಿ ಮುಂದೆ ನಿಂತಿದ್ದ ಒಬ್ಬರು ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಏನಣ್ಣ ಇದು, ಜಾಂಡೀಸ್ ಬಂದೋರ ಥರ ಐತೆ. ಒಂಚೂರು ಕಲರ್ ಹಾಕು" ಅಂದರು. ಗಾಡಿಯವನು ಆ ಕಡೆ ಈ ಕಡೆ ನೋಡಿ, "ಬ್ಯಾನ್ ಆಗೈತೆ ಸಾರ್" ಅಂದ. "ಬ್ಯಾನ್ ಆಗಿರೋದು ಬೆಂಗಳೂರಲ್ಲಿ ಕಣಯ್ಯ" ಅಂತ ಉತ್ತರ ಬಂತು.

2025ರ ಫೆಬ್ರುವರಿಯಲ್ಲಿ ಇಡ್ಲಿ ಸರದಿ. ಹೋಟೆಲುಗಳಲ್ಲಿ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಾರೆ ಅಂತ ಗೊತ್ತಾಗಿ ಅದನ್ನೂ ನಿಷೇಧಿಸಿದರು. ಸರಿಯಾದ ಕೆಲಸವೇ. ಇನ್ಮೇಲೆ ಹೋಟೆಲ್ ಇಡ್ಲಿ ಬೇಡ ಅಂತ ಶಪಥ ಮಾಡಿದವರು ಪಾರ್ಸೆಲ್ ತರುವುದಕ್ಕೆ ಶುರು ಮಾಡಿದರು. ಕುದಿಯುವ ಸಾಂಬಾರು ಪ್ಲಾಸ್ಟಿಕ್ ಕವರಿನಲ್ಲಿ, ಬಾಯಿಗೆ ರಬ್ಬರ್ ಬ್ಯಾಂಡ್.

ಕಾಫಿ ವಿಷಯಕ್ಕೆ ಬಂದರೆ ಸಕಲೇಶಪುರದ ಕಡೆಯ ನೆಂಟರು ಎದ್ದು ಕೂರುತ್ತಾರೆ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂದಿತ್ತು. ಇಪ್ಪತ್ತೈದು ವರ್ಷ ಬಿಟ್ಟು, 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನ ತಿರುವಿ ಹಾಕಿ, ಹಾಗನ್ನಲು ಸಾಕ್ಷಿ ಸಾಲದು ಅಂತ ಕಾಫಿಯನ್ನು ಆ ಪಟ್ಟಿಯಿಂದ ಬಿಟ್ಟಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು. ಕಾಫಿಯೋ ಟೀಯೋ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿದರೆ ಅನ್ನನಾಳಕ್ಕೆ ಕ್ಯಾನ್ಸರ್ ತರಬಹುದು. ನೆಂಟರ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ಆ ಖುಷಿಗೆ ಇನ್ನೊಂದು ಲೋಟ ತರಿಸಿದರು. ಬಂದದ್ದನ್ನು ಮುಟ್ಟಿ ನೋಡಿ, ಬಿಸಿಯೇ ಇಲ್ಲವಲ್ಲಾ ಅಂತ ವಾಪಸ್ ಕಳಿಸಿದರು.

ಆಲೂಗಡ್ಡೆ ಬೆಳೆಯುವ ಜಿಲ್ಲೆ ನಮ್ಮದು. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಆಲೂಗಡ್ಡೆಯಂಥದ್ದನ್ನು ಜಾಸ್ತಿ ಕಾವಿನಲ್ಲಿ ಕರಿದರೆ ಅಕ್ರಿಲಮೈಡ್ ಅನ್ನುವ ರಾಸಾಯನಿಕ ಹುಟ್ಟುತ್ತದೆ, ಅದು ಒಳ್ಳೆಯದಲ್ಲ ಅಂದರು. ನಮ್ಮ ಊರ ಕಡೆಯ ರೈತರೊಬ್ಬರಿಗೆ ಇದನ್ನು ಹೇಳಿದೆ. "ಅಂಗಮಾರಿ ರೋಗ ತಪ್ಪಿಸ್ಕೊಂಡು, ರೇಟು ಸಿಕ್ಕಿ, ಎಣ್ಣೆಗೆ ಬೀಳೋವರೆಗೆ ನಮ್ಮ ಆಲೂಗಡ್ಡೆ ಬದುಕಿದ್ರೆ ಆಮೇಲೆ ನೋಡೋಣ ಬುಡಿ" ಅಂದರು. ಈ ಲೇಖನದಲ್ಲಿ ಬರುವ ಮಾತುಗಳಲ್ಲಿ ಸರಿಯಾದ ಲೆಕ್ಕಾಚಾರ ಇರುವುದು ಇದೊಂದರಲ್ಲೇ.

ಮತ್ತೆ ಹೃದಯಕ್ಕೆ ಬರೋಣ. 2025ರ ಜುಲೈ 10ಕ್ಕೆ, ಹಾಸನದ ಸಾವುಗಳನ್ನು ನೋಡಲು ಸರ್ಕಾರ ಹೇಳಿದ್ದ ತಜ್ಞರ ಸಮಿತಿಯ ವರದಿ ಹೊರಬಂತು. ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಅಂತ ಆರೋಗ್ಯ ಸಚಿವರು ತಿಳಿಸಿದರು. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ ನಾಲ್ಕಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಲಸಿಕೆ ಕಾರಣವಲ್ಲ. ಬಿಪಿ, ಶುಗರ್, ಧೂಮಪಾನದ ಕಡೆ ನೋಡಿ ಅಂದರು. ಆಸ್ಪತ್ರೆಯ ಹೊರಗೆ ದಿಢೀರ್ ಸತ್ತರೆ ಸರ್ಕಾರಕ್ಕೆ ತಿಳಿಸುವ ವ್ಯವಸ್ಥೆ ಮಾಡುತ್ತೇವೆ ಅಂದರು.

ಬೆಂಚಿಗೆ ಇದರಿಂದ ಆದ ನಿರಾಸೆ ಅಷ್ಟಿಷ್ಟಲ್ಲ. ಹತ್ತು ದಿನ ಕಾದದ್ದು ಇದಕ್ಕಾ? ವಿಲನ್ ಅಂದರೆ ದೂರದವನಾಗಿರಬೇಕು, ಚೀನಾದವನೋ ಕಂಪನಿಯವನೋ ಆಗಿರಬೇಕು. ವಿಲನ್ ನಮ್ಮ ಅಂಗಿ ಜೇಬಿನಲ್ಲೇ ಹತ್ತು ಕಡ್ಡಿಯ ಪ್ಯಾಕಿನಲ್ಲಿ ಕೂತಿದ್ದಾನೆ ಅಂದರೆ ಯಾರಿಗೆ ತಾನೇ ಖುಷಿ? ಮೇಷ್ಟ್ರು ವರದಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. "ಅದರಲ್ಲಿ ಟವರ್ ಅನ್ನೋ ಪದವೇ ಇಲ್ಲ. ಮುಚ್ಚಿಹಾಕಿದ್ದಾರೆ."

ಹೃದಯದ ಸ್ನಾಯುಕೋಶಗಳು ಮಾತ್ರ ನಮ್ಮ ಚರ್ಚೆ ಮುಗಿಯಲಿ ಅಂತ ಕಾಯುವುದಿಲ್ಲ. ಅವು ಚರ್ಮದ ಹಾಗೆ ಬೇಗ ಬೇಗ ಹೊಸದಾಗಿ ಹುಟ್ಟುವುದೂ ಇಲ್ಲ. 2009ರಲ್ಲಿ ಸ್ವೀಡನ್ನಿನ ತಂಡವೊಂದು ಇದನ್ನು ಅಳೆಯಿತು. ಹಳೇ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿ, ಊಟದ ಮೂಲಕ ನಮ್ಮ ಮೈಗೂ ಬಂದ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಇಂಗಾಲ ಹಿಡಿದು ಲೆಕ್ಕ ಹಾಕಿದರು. ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೊಂದು ಕೋಶ ಹೊಸದಾಗುತ್ತದೆ, ಎಪ್ಪತ್ತೈದಕ್ಕೆ ಅದರ ಅರ್ಧಕ್ಕಿಂತ ಕಮ್ಮಿ. ಸತ್ತ ಸ್ನಾಯುವಿನ ಜಾಗದಲ್ಲಿ ಕಲೆ ಉಳಿಯುತ್ತದೆ. ಅದಕ್ಕೇ ವೈದ್ಯರು ಗಂಟೆಯ ಲೆಕ್ಕ, ನಿಮಿಷದ ಲೆಕ್ಕ ಹೇಳುವುದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ಏರ್ಪಾಡು ಮಾಡಿದ್ದಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಷಡ್ಡಕರಿಗೆ ಹೇಳಿದೆ, "ಮೈಸೂರ್ ಯಾಕೆ, ಇಲ್ಲೇ ತಾಲೂಕು ಆಸ್ಪತ್ರೆ ಇದೆಯಲ್ಲ?" ಅಂತ. "ಪುಕ್ಕಟೆ ಮಿಷನ್ ನಂಬೋಕಾಗುತ್ತಾ ಭಾವ?" ಅಂದರು.

ಗಾಬರಿಯ ಸೀಸನ್ ಮುಗಿದ ಮೇಲೆ ಮಳೆ ಹಿಡಿದ ಒಂದು ಸಂಜೆ, ಅದೇ ಬೆಂಚಿನಲ್ಲಿ ದಪ್ಪ ಮೈಯ ಮಾವನೊಬ್ಬ ಬಂದು ಕೂತ. ಮುಖದಲ್ಲಿ ಬೆವರು. ಎಡಗೈ ಹಿಸುಕಿಕೊಳ್ಳುತ್ತಿದ್ದ. ದವಡೆ ಹಿಡಿದ ಹಾಗಾಗುತ್ತಿದೆ ಅಂದ. ಹದಿನೈದು ದಿನ ಹೃದಯಶಾಸ್ತ್ರ ಓದಿದ ಇಡೀ ಸಂಸ್ಥೆ ಅಲ್ಲೇ ಹಾಜರಿತ್ತು.

"ಗ್ಯಾಸ್ಟ್ರಿಕ್ಕು" ಅಂತ ಮಾವನೇ ಹೇಳಿದ.

"ಗ್ಯಾಸ್ಟ್ರಿಕ್ಕೇ" ಅಂತ ಆಟೋ ಅಣ್ಣ ಒಪ್ಪಿದ. ಸಲೂನಿನವನು ಕತ್ತರಿ ಹಿಡಿದೇ ಹೊರಗೆ ಬಂದು, ಮಧ್ಯಾಹ್ನ ಏನು ತಿಂದಿರಿ ಅಂತ ವಿಚಾರಿಸಿದ. ಬೋಂಡಾ ಅಂತ ಗೊತ್ತಾದ ಕೂಡಲೇ ಕೇಸ್ ಮುಗಿಯಿತು. ಅಂಗಡಿಯವನು ಸೋಡಾಕ್ಕೆ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ಬುರುಗು ಬರುವಾಗಲೇ ಕೊಟ್ಟ. ಲಸಿಕೆ, ಕೋಳಿ, ಪಾಮಾಯಿಲ್, ಟವರ್ ಯಾವುದೂ ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಬಾಗಿಲ ಹತ್ತಿರ ಹಾಲು ತರಲು ಬಂದಿದ್ದ ನರ್ಸಮ್ಮ ಒಬ್ಬರು ಮಾವನ ಮುಖ ನೋಡಿ, ಲೋಟ ಕಿತ್ತುಕೊಂಡು, "ಸೋಡಾ ಆಮೇಲೆ ಕುಡೀರಿ, ಮೊದ್ಲು ಆಟೋ ಹತ್ತಿ" ಅಂತ ಗದರಿದರು. ಆಟೋ ಅಣ್ಣ ಕಿಕ್ ಹೊಡೆಯುತ್ತಾ ಕೇಳಿದ, "ಮೈಸೂರಿಗಾ ಮೇಡಂ?"